ಗೋಕರ್ಣದಿಂದ ಹೊನ್ನಾವರದವರೆಗೆ ವಿದ್ಯುತ್ ಸೈಕಲ್ ಪ್ರವಾಸ: ಹೋಗಿಬಂದವರ ಅನುಭವ, ಹೊರಡುವವರ ಪ್ರಶ್ನೆಗಳು

ನಿವೃತ್ತ ಉಪನ್ಯಾಸಕ, ದಾವಣಗೆರೆ

ಕುಂದವಾಡ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ಸೈಕಲ್ ತುಳಿಯುವ ಗೆಳೆಯರು ಕಳೆದ ವಾರ ನನ್ನನ್ನು ನಿಲ್ಲಿಸಿ, ಕರಾವಳಿಯಲ್ಲಿ ನೀವು ಮಾಡಿದ ವಿದ್ಯುತ್ ಸೈಕಲ್ ಪ್ರವಾಸದ ಬಗ್ಗೆ ಒಂದಿಷ್ಟು ಬರೆಯಿರಿ ಎಂದು ಕೇಳಿದರು. ಹೇಳಬೇಕಾದದ್ದು ನಾಲ್ಕು ಸಾಲಿನಲ್ಲಿ ಮುಗಿಯುವಂಥದ್ದಲ್ಲವಾದ್ದರಿಂದ ಇಲ್ಲಿಯೇ ಬರೆಯುತ್ತಿದ್ದೇನೆ.

ನಾನು ಮತ್ತು ನನ್ನ ಪತ್ನಿ ಡಿಸೆಂಬರ್ ತಿಂಗಳಲ್ಲಿ ದಾವಣಗೆರೆಯಿಂದ ಹಾವೇರಿ, ಶಿರಸಿ ದಾರಿಯಾಗಿ ದೇವಿಮನೆ ಘಟ್ಟ ಇಳಿದು ಗೋಕರ್ಣ ಸೇರಿದೆವು. ಅಲ್ಲಿಂದ ಮೂರು ದಿನ, ದಿನಕ್ಕೆ 25ರಿಂದ 30 ಕಿಲೋಮೀಟರಿನಂತೆ, ಎಂಟು ಜನರ ಗುಂಪಿನಲ್ಲಿ ಒಬ್ಬ ಸ್ಥಳೀಯ ಮಾರ್ಗದರ್ಶಕನೊಂದಿಗೆ ಹೊನ್ನಾವರದಲ್ಲಿ ಶರಾವತಿ ನದಿ ಕಡಲು ಸೇರುವ ಅಳಿವೆಯವರೆಗೆ ಹೋದೆವು. ಮೊದಲ ದಿನ ಗೋಕರ್ಣ, ಸಾಣಿಕಟ್ಟೆಯ ಉಪ್ಪಿನ ಆಗರಗಳು ಮತ್ತು ತದಡಿ ಬಂದರು. ಎರಡನೆಯ ದಿನ ತದಡಿಯಿಂದ ದೋಣಿಯಲ್ಲಿ ಸೈಕಲ್‌ಗಳ ಸಮೇತ ನದಿ ದಾಟಿ ಅಘನಾಶಿನಿ ಗ್ರಾಮ, ಕಾಗಾಲ, ಬಾಡ ಮೂಲಕ ಕುಮಟಾ. ಮೂರನೆಯ ದಿನ ಧಾರೇಶ್ವರದ ಮೇಲೆ ಹೊನ್ನಾವರ, ಕೊನೆಗೆ ಸೇತುವೆ ದಾಟಿ ಕಾಸರಕೋಡಿನಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ನಡುವಿನ ಮರದ ಹಲಗೆಯ ಹಾದಿ.

ರಾಷ್ಟ್ರೀಯ ಹೆದ್ದಾರಿ 66 ಇದೇ ಕರಾವಳಿಯುದ್ದಕ್ಕೂ ಓಡುತ್ತದೆ. ಕಾರಿನಲ್ಲಿ ಅದರ ಮೇಲೆ ಹೋದರೆ ಈ ದೂರ ಒಂದು ಗಂಟೆ ಚಿಲ್ಲರೆಯ ಮಾತು. ನಾನೇ ಎಷ್ಟೋ ಸಲ ಹಾಗೆ ಹೋಗಿದ್ದೇನೆ, ಹಾಗೆ ಹೋದಾಗ ನನಗೆ ಕಂಡದ್ದು ಹೆದ್ದಾರಿ ಮಾತ್ರ. ಹೆದ್ದಾರಿ ಬಿಟ್ಟು ಸಮುದ್ರದ ಕಡೆ ತಿರುಗಿದರೆ ತೆಂಗಿನ ತೋಟಗಳ ನಡುವೆ ಒಂದು ಆಟೋ ಹೋಗುವಷ್ಟೇ ಅಗಲದ ದಾರಿಗಳಿವೆ. ಎರಡೂ ಬದಿ ಚಿರೆಕಲ್ಲಿನ ಪಾಗಾರ, ಅಂಗಳದಲ್ಲಿ ಒಣಗಲು ಹರಡಿದ ಮೀನು, ನಡುನಡುವೆ ಒಂದು ಏರು, ಏರು ಮುಗಿದ ಕೂಡಲೇ ಕೆಳಗೆ ನೀಲಿ ನೀರು. ಆ ಏರುಗಳು ಚಿಕ್ಕವಾದರೂ ಕಡಿದು. ಬಯಲುಸೀಮೆಯಲ್ಲಿ ಮಟ್ಟಸ ರಸ್ತೆಯ ಮೇಲೆ ತುಳಿದು ಅಭ್ಯಾಸವಾದ ನಮ್ಮಂಥವರಿಗೆ ಡಿಸೆಂಬರಿನಲ್ಲಿಯೂ ಬೆವರು ಆರದ ಆ ಗಾಳಿಯಲ್ಲಿ ಹತ್ತು ಏರು ಹತ್ತುವುದರೊಳಗೆ ದಿನದ ಶಕ್ತಿ ಮುಗಿದುಹೋಗುತ್ತದೆ. ಮೋಟಾರಿನ ನೆರವು ಬೇಕಾಗುವುದು ಇಲ್ಲಿಯೇ. ತುಳಿಯುವುದು ನಾವೇ, ಆದರೆ ಏರಿನಲ್ಲಿ ಹಿಂದಿನಿಂದ ಯಾರೋ ಬೆನ್ನಿಗೆ ಕೈಕೊಟ್ಟು ದೂಡಿದಂತೆ ಆಗುತ್ತದೆ.

ಆದರೆ ನಾನು ಮುಖ್ಯವಾಗಿ ಬರೆಯಬೇಕೆಂದಿರುವುದು ಸೈಕಲ್ಲಿನ ಬಗ್ಗೆ ಅಲ್ಲ, ನಮ್ಮ ಮಾರ್ಗದರ್ಶಕನ ಬಗ್ಗೆ. ಆತ ಮೀನುಗಾರರ ಮನೆಯ ಹುಡುಗ. ಮೊದಲ ದಿನ ಹೊರಡುವಾಗ ಬ್ಯಾಟರಿಯ ಅಂಕಿ ನೋಡುವುದಕ್ಕೆ ಮೊದಲು ಆತ ಪಂಚಾಂಗ ನೋಡಿದ. ಅಷ್ಟಮಿ ಕಳೆದು ಎರಡು ದಿನವಾಗಿದೆ, ಆದ್ದರಿಂದ ಭರತ, ಅಂದರೆ ಕಡಲಿನ ಉಬ್ಬರ, ಹೆಚ್ಚು ಏರುವುದಿಲ್ಲ, ಇಳಿತವೂ ಹೆಚ್ಚು ಇಳಿಯುವುದಿಲ್ಲ. ಹುಣ್ಣಿಮೆ ಅಥವಾ ಅಮಾವಾಸ್ಯೆಯ ಸುಮಾರಿಗೆ ಬಂದಿದ್ದರೆ ದಾರಿಯನ್ನೇ ಬೇರೆ ಮಾಡುತ್ತಿದ್ದೆ ಎಂದ. ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ ಎಂಬುದನ್ನು ಪಾಠವಾಗಿ ನಾನು ಬಲ್ಲೆ. ಒಂದು ಭರತದಿಂದ ಮುಂದಿನದಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ, ಹಾಗಾಗಿ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡ. ಈ ಐವತ್ತು ನಿಮಿಷದ ಲೆಕ್ಕದ ಮೇಲೆ ಒಂದು ಊರಿನ ಊಟ, ದೋಣಿ, ಬಳಚು ಎಂಬ ಚಿಪ್ಪುಜೀವಿ ಆಯುವ ಹೊತ್ತು, ಮಕ್ಕಳು ಈಜುವ ಹೊತ್ತು ಎಲ್ಲವೂ ನಿಂತಿದೆ ಎಂಬುದನ್ನು ನೋಡಿದ್ದು ಅರವತ್ತು ದಾಟಿದ ಮೇಲೆ, ಆ ಹುಡುಗನ ಹಿಂದೆ ಸೈಕಲ್ ತುಳಿದಾಗ.

ಓಂ ಕಡಲತೀರಕ್ಕೆ ಸೈಕಲ್ ಇಳಿಸಲು ಆತ ಒಪ್ಪಲಿಲ್ಲ. ಮೇಲೆಯೇ ನಿಲ್ಲಿಸಿ ಮೆಟ್ಟಿಲಿಳಿದು ನಡೆದೆವು. ಯಾರಿಗಾದರೂ ಕೇಳಬೇಕಾದದ್ದಿದ್ದರೆ ಬರೆಯಿರಿ, ತಿಳಿದಷ್ಟು ಹೇಳುತ್ತೇನೆ.

ಶಾಲಾ ಶಿಕ್ಷಕಿ, ಚಿತ್ರದುರ್ಗ

ಸರ್, ನಿಮ್ಮ ಬರಹ ಓದಿ ಆಸೆಯೂ ಆಯಿತು, ಅಳುಕೂ ಆಯಿತು. ನಾನು ಕೊನೆಯ ಸಲ ಸೈಕಲ್ ತುಳಿದದ್ದು ಎಂಟನೆಯ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲಿನಲ್ಲಿ. ಆ ಯೋಜನೆ ಆರಂಭವಾದ 2006-07ರ ಮೊದಲ ತಂಡದಲ್ಲಿ ನಾನಿದ್ದೆ. ಹಳ್ಳಿಯಿಂದ ಪ್ರೌಢಶಾಲೆಗೆ ಮೂರು ವರ್ಷ ಅದರಲ್ಲಿಯೇ ಹೋದೆ, ಆಮೇಲೆ ತಂಗಿ ಹೋದಳು. ಈಗ ಇಪ್ಪತ್ತು ವರ್ಷ ಹತ್ತಿರ ಬಂತು, ಬ್ಯಾಲೆನ್ಸ್ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ.

ನನ್ನ ಪ್ರಶ್ನೆಗಳು ಮೂರು. ಈ ವಾಹನಕ್ಕೆ ಚಾಲನಾ ಪರವಾನಗಿ ಬೇಕೇ? ನಡುದಾರಿಯಲ್ಲಿ ಬ್ಯಾಟರಿ ಖಾಲಿಯಾದರೆ ಏನು ಮಾಡಬೇಕು? ಚೂಡಿದಾರ್ ಹಾಕಿಕೊಂಡು ಇದನ್ನು ಓಡಿಸಬಹುದೇ? ಮೂರನೆಯ ಪ್ರಶ್ನೆಯನ್ನು ದಯವಿಟ್ಟು ಸಣ್ಣದೆಂದು ತಿಳಿಯಬೇಡಿ, ನನ್ನೊಂದಿಗೆ ಹೊರಡಲು ಸಿದ್ಧರಿರುವ ನಾಲ್ವರೂ ಮೊದಲು ಕೇಳಿದ್ದು ಅದನ್ನೇ.

ವಿದ್ಯುತ್ ವಾಹನ ದುರಸ್ತಿ ಮಾಡುವವನು, ಹರಿಹರ

ಮೇಡಂ, ನಿಮ್ಮ ಮೊದಲ ಎರಡು ಪ್ರಶ್ನೆಗಳಿಗೆ ನಾನು ಉತ್ತರಿಸುತ್ತೇನೆ, ಇದು ನನ್ನ ದಿನದ ಕೆಲಸ.

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆಯಿದ್ದು, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿನೊಳಗಿದ್ದು, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದಿದ್ದರೆ ಅದನ್ನು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ಪೆಡಲ್ ನೆರವಿನ ಸೈಕಲ್ ಆದರೆ ವೇಗ 25ರ ಹತ್ತಿರ ಬರುತ್ತಿದ್ದಂತೆ ಮೋಟಾರಿನ ನೆರವು ಕ್ರಮೇಣ ಕಡಿಮೆಯಾಗಿ ನಿಲ್ಲಬೇಕು, ತುಳಿಯುವುದನ್ನು ನಿಲ್ಲಿಸಿದರೂ ನಿಲ್ಲಬೇಕು. ಇಂಥ ಸೈಕಲ್ಲಿಗೆ ನೋಂದಣಿಯೂ ಬೇಡ, ಪರವಾನಗಿಯೂ ಬೇಡ. ಹೆಲ್ಮೆಟ್ಟನ್ನು ಮಾತ್ರ ಯಾರು ಬೇಡವೆಂದರೂ ಬಿಡಬೇಡಿ.

ಬ್ಯಾಟರಿಯ ಲೆಕ್ಕ ಸರಳ. ಸಾಮಾನ್ಯವಾಗಿ ಬರುವ 36 ವೋಲ್ಟ್, 10 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 360 ವ್ಯಾಟ್ ಅವರ್ ಶಕ್ತಿ ಇರುತ್ತದೆ. ನೀವೂ ತುಳಿಯುತ್ತಾ ಮಧ್ಯಮ ನೆರವು ಬಳಸಿದರೆ ಕಿಲೋಮೀಟರಿಗೆ ಸುಮಾರು 10 ವ್ಯಾಟ್ ಅವರ್ ಖರ್ಚಾಗುತ್ತದೆ, ಅಂದರೆ 36 ಕಿಲೋಮೀಟರ್. ಏರು, ಎದುರುಗಾಳಿ, ಗಾಳಿ ಕಡಿಮೆಯಿರುವ ಟೈರು, ಮರಳು ಇವೆಲ್ಲ ಸೇರಿದರೆ ಅದೇ ಬ್ಯಾಟರಿ 22 ಕಿಲೋಮೀಟರಿಗೆ ಮುಗಿದದ್ದನ್ನೂ ನೋಡಿದ್ದೇನೆ. ಮುಗಿದರೆ ಸೈಕಲ್ ನಿಲ್ಲುವುದಿಲ್ಲ, ತುಳಿಯಬಹುದು. ಆದರೆ ಇಪ್ಪತ್ತು ಕಿಲೋ ಮೀರಿದ ತೂಕವನ್ನು ಏರಿನಲ್ಲಿ ಕಾಲಿನ ಬಲದಿಂದಷ್ಟೇ ತುಳಿಯುವುದು ಕಷ್ಟ. ಆದ್ದರಿಂದ ಬೆಳಿಗ್ಗೆ ಹೊರಡುವಾಗ ಬ್ಯಾಟರಿ ಪೂರ್ತಿ ತುಂಬಿದೆಯೇ ಎಂದು ಪರದೆ ನೋಡಿ ಖಚಿತಪಡಿಸಿಕೊಳ್ಳಿ. ಎರಡು ಆಂಪಿಯರ್ ಚಾರ್ಜರಿನಲ್ಲಿ ಖಾಲಿ ಬ್ಯಾಟರಿ ತುಂಬಲು ಐದು ಗಂಟೆ ಬೇಕು, ಆದ್ದರಿಂದ ಮಧ್ಯಾಹ್ನ ಊಟಕ್ಕೆ ನಿಂತಾಗ ತುಂಬಿಸಿಕೊಳ್ಳುತ್ತೇವೆ ಎಂಬ ಮಾತಿಗೆ ಹೆಚ್ಚು ಬೆಲೆ ಕೊಡಬೇಡಿ.

ಇನ್ನೊಂದು ವಿಷಯವನ್ನು ಯಾರೂ ಕೇಳುವುದಿಲ್ಲ, ಆದರೆ ಸೈಕಲ್ ಬಾಡಿಗೆಗೆ ಪಡೆಯುವಾಗ ಅದೇ ಮುಖ್ಯ. ಉಪ್ಪು. ಕಡಲ ಗಾಳಿಯಲ್ಲಿರುವ ಉಪ್ಪಿನ ತೇವ ಚೈನು, ಕಡ್ಡಿ, ಬ್ರೇಕಿನ ತಂತಿಗಳನ್ನು ತಿನ್ನುತ್ತದೆ. ಅಲ್ಯೂಮಿನಿಯಂ ರಿಮ್ಮಿಗೆ ಉಕ್ಕಿನ ಕಡ್ಡಿ ಸೇರುವ ಜಾಗದಲ್ಲಿ ಉಪ್ಪುನೀರು ನಿಂತರೆ ಸವೆತ ಇನ್ನೂ ಬೇಗ. ಮೋಟಾರಿಗೆ ಹೋಗುವ ತಂತಿಯ ಜೋಡಣೆಯೊಳಗೆ ಹಸಿರು ಬಣ್ಣದ ಪುಡಿ ಕಂಡರೆ ಆ ಸೈಕಲ್ ಸಿಹಿನೀರು ಕಂಡಿಲ್ಲವೆಂದು ತಿಳಿಯಿರಿ. ಪ್ರತಿ ಸಂಜೆ ಒಂದು ಬಕೆಟ್ ಸಿಹಿನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ, ಒಣಗಿಸಿ, ಚೈನಿಗೆ ಎಣ್ಣೆ ಬಿಡುವವರ ಸೈಕಲ್ ಆಯ್ದುಕೊಳ್ಳಿ. ಒತ್ತಡದ ಪಂಪಿನಿಂದ ತೊಳೆಯುವವರು ಬೇರಿಂಗಿನೊಳಗೆ ನೀರನ್ನು ತಾವೇ ತುಂಬಿಸುತ್ತಾರೆ.

ಹತ್ತಿ ವ್ಯಾಪಾರಿ, ದಾವಣಗೆರೆ

ನನ್ನ ಮಾತು ಕೆಲವರಿಗೆ ಇಷ್ಟವಾಗದಿರಬಹುದು. ನಾನು ಮೂವತ್ತು ವರ್ಷದಿಂದ ಸೈಕಲ್ ತುಳಿಯುತ್ತಿದ್ದೇನೆ, ಶಾಂತಿಸಾಗರ ಕೆರೆಯವರೆಗೆ ಹೋಗಿ ಅದೇ ದಿನ ಮರಳಿದ್ದೇನೆ. ದಣಿವು ಎಂಬುದು ಸೈಕಲ್ ಸವಾರಿಯ ಒಂದು ಭಾಗ. ಏರು ಹತ್ತಿದವನಿಗೆ ಇಳಿಜಾರಿನ ಗಾಳಿ ಸಿಗಬೇಕು ಎಂದು ನಂಬಿದವನು ನಾನು. ಮೋಟಾರು ಸೇರಿದರೆ ಅದು ಸ್ಕೂಟರಿನ ತಮ್ಮ. ಮಾರ್ಗದರ್ಶಕನ ಬಗ್ಗೆ ಬರೆದದ್ದನ್ನು ಮೆಚ್ಚುತ್ತೇನೆ, ಆದರೆ ಅದೇ ಮಾರ್ಗದರ್ಶಕನೊಂದಿಗೆ ಸಾದಾ ಸೈಕಲ್ಲಿನಲ್ಲಿ ಹೋಗಲು ಅಡ್ಡಿ ಏನು?

ನಿವೃತ್ತ ಉಪನ್ಯಾಸಕ, ದಾವಣಗೆರೆ

ಅಡ್ಡಿ ಏನೂ ಇಲ್ಲ. ನಮ್ಮ ಗುಂಪಿನಲ್ಲಿಯೇ ಒಬ್ಬ ಯುವಕ ಸಾದಾ ಗೇರಿನ ಸೈಕಲ್ಲಿನಲ್ಲಿ ಬಂದಿದ್ದ, ಸಂತೋಷವಾಗಿಯೇ ಇದ್ದ.

ಆದರೆ ನನ್ನ ಪತ್ನಿಗೆ ಎಂಟು ವರ್ಷದಿಂದ ಮಂಡಿನೋವು. ಮದುವೆಯಾದ ಹೊಸತರಲ್ಲಿ ನಾವಿಬ್ಬರೂ ಸೈಕಲ್ಲಿನಲ್ಲಿ ಸಿನಿಮಾಕ್ಕೆ ಹೋಗುತ್ತಿದ್ದೆವು, ಆಮೇಲೆ ಅವಳು ಮುಟ್ಟಲಿಲ್ಲ. ಈ ಪ್ರವಾಸದ ಮೂರು ದಿನ ಅವಳು ಏರಿನಲ್ಲಿ ನನ್ನನ್ನು ದಾಟಿ ಮುಂದೆ ಹೋಗಿ ಮೇಲೆ ನಿಂತು ಕಾಯುತ್ತಿದ್ದಳು. ಅವಳನ್ನು ಪರೀಕ್ಷಿಸುವ ಭೌತಚಿಕಿತ್ಸಕರು ಹೊರಡುವ ಮೊದಲು ಎರಡು ಸೂಚನೆ ಕೊಟ್ಟಿದ್ದರು: ಪೆಡಲ್ ಕೆಳಗಿದ್ದಾಗ ಮಂಡಿ ತುಸುವೇ ಬಾಗಿರುವಷ್ಟು ಎತ್ತರಕ್ಕೆ ಸೀಟು ಇರಬೇಕು, ಮತ್ತು ಭಾರದ ಗೇರಿನಲ್ಲಿ ನಿಧಾನ ತುಳಿಯದೆ ಹಗುರ ಗೇರಿನಲ್ಲಿ ಚುರುಕಾಗಿ ತುಳಿಯಬೇಕು. ಮೋಟಾರು ಇಲ್ಲದೆ ಎರಡನೆಯದು ಆ ಏರುಗಳಲ್ಲಿ ಅವಳಿಗೆ ಸಾಧ್ಯವಿರಲಿಲ್ಲ. ನಿಮ್ಮ ಶಾಂತಿಸಾಗರದ ಸವಾರಿಯ ಬಗ್ಗೆ ನನಗೆ ಗೌರವವಿದೆ. ಆ ದಣಿವನ್ನು ಆಯ್ದುಕೊಳ್ಳುವ ಆರೋಗ್ಯ ಎಲ್ಲರಿಗೂ ಇರುವುದಿಲ್ಲ ಎಂಬುದನ್ನಷ್ಟೇ ಸೇರಿಸುತ್ತೇನೆ.

ಶಿಕ್ಷಕಿಯವರ ಮೂರನೆಯ ಪ್ರಶ್ನೆಗೆ ನನ್ನ ಪತ್ನಿಯ ಉತ್ತರ: ನಡುವಿನ ಅಡ್ಡಕೊಳವೆ ತಗ್ಗಿರುವ ಸೈಕಲ್ ಕೇಳಿ ಪಡೆಯಿರಿ, ಚೈನಿಗೆ ಪೂರ್ತಿ ಮುಚ್ಚಿಗೆ ಇದೆಯೇ ನೋಡಿ, ವೇಲನ್ನು ಚೀಲದಲ್ಲಿಡಿ. ಅವಳು ಮೂರು ದಿನವೂ ಚೂಡಿದಾರಿನಲ್ಲಿಯೇ ಇದ್ದಳು.

ಕುಮಟಾದ ಮಗಳು, ದಾವಣಗೆರೆಯ ಸೊಸೆ

ನನ್ನ ತವರು ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿಯ ದಂಡೆ. ಮದುವೆಯಾಗಿ ದಾವಣಗೆರೆಗೆ ಬಂದು ಹದಿನೈದು ವರ್ಷ. ಉಪನ್ಯಾಸಕರು ಎರಡನೆಯ ದಿನವನ್ನು ಒಂದೇ ಸಾಲಿನಲ್ಲಿ ದಾಟಿದ್ದಾರೆ. ಆ ದಿನದ ದಾರಿ ನನ್ನ ಬಾಲ್ಯದ ದಾರಿ, ಆದ್ದರಿಂದ ಸ್ವಲ್ಪ ಹೆಚ್ಚು ಬರೆಯುತ್ತೇನೆ.

ದಾವಣಗೆರೆಯ ಸುತ್ತ ಭತ್ತವೆಂದರೆ ಭದ್ರಾ ನಾಲೆ. ನಾಲೆಗೆ ನೀರು ಬಿಟ್ಟರೆ ಬೆಳೆ, ಬಿಡದಿದ್ದರೆ ಚಿಂತೆ. ನನ್ನ ತವರಿನಲ್ಲಿ ಭತ್ತದ ಗದ್ದೆಗೆ ಸಮುದ್ರವೇ ಬರುತ್ತದೆ. ಅಘನಾಶಿನಿ ಶಿರಸಿಯ ಹತ್ತಿರ ಹುಟ್ಟಿ, ಎಲ್ಲಿಯೂ ದೊಡ್ಡ ಅಣೆಕಟ್ಟೆಯ ತಡೆಯಿಲ್ಲದೆ ಘಟ್ಟ ಇಳಿದು ತದಡಿಯ ಬಳಿ ಕಡಲು ಸೇರುತ್ತದೆ. ಅಲ್ಲಿ ಭರತದ ಉಪ್ಪುನೀರು ನದಿಯೊಳಗೆ ಮೈಲುಗಟ್ಟಲೆ ಮೇಲೆ ಬರುತ್ತದೆ. ಆ ನೀರು ನುಗ್ಗುವ ತಗ್ಗು ಭೂಮಿಗೆ ನಾವು ಗಜನಿ ಎನ್ನುತ್ತೇವೆ. ಗಜನಿಗೆ ಮಣ್ಣಿನ ಕಟ್ಟೆ ಹಾಕಿ, ಮಳೆಗಾಲದ ನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬಂದ ಕಗ್ಗದ ಬೀಜ ಚೆಲ್ಲುತ್ತಾರೆ. ಕಗ್ಗ ಎತ್ತರದ ಭತ್ತ. ಉಪ್ಪನ್ನು ತಾಳುತ್ತದೆ, ನೆರೆಯಲ್ಲಿ ದಿನಗಟ್ಟಲೆ ಮುಳುಗಿದರೂ ತಾಳುತ್ತದೆ. ಗೊಬ್ಬರವನ್ನು ನದಿಯ ಹೂಳೇ ತರುತ್ತದೆ. ಕೊಯ್ಲಿನಲ್ಲಿ ತೆನೆ ಮಾತ್ರ ತೆಗೆದು ಹುಲ್ಲು ಬಿಡುತ್ತಾರೆ, ಆ ಹುಲ್ಲು ಕೊಳೆತು ಮೀನು ಮತ್ತು ಸಿಗಡಿಗೆ ಆಹಾರ. ಭತ್ತದ ನಂತರ ಅದೇ ಗದ್ದೆ ಮೀನಿನ ಗದ್ದೆ. ನನ್ನ ಅಜ್ಜ ಮಳೆಗಾಲದಲ್ಲಿ ನಡುರಾತ್ರಿ ಎದ್ದು ಕಟ್ಟೆ ಒಡೆದಿಲ್ಲವಷ್ಟೇ ಎಂದು ನೋಡಿ ಬರುತ್ತಿದ್ದರು. ಒಂದು ಕಡೆ ಒಡೆದರೆ ಇಡೀ ಊರಿನ ಬೆಳೆ ಹೋಗುತ್ತದೆ, ಆದ್ದರಿಂದ ಕಟ್ಟೆ ಕಾಯುವುದು ಒಬ್ಬರ ಕೆಲಸವಾಗಿರಲಿಲ್ಲ. ಈಗ ಕಗ್ಗ ಬೆಳೆಯುವವರು ಕಡಿಮೆ. ಮಾಣಿಕಟ್ಟೆಯಲ್ಲಿ ಇನ್ನೂ ಬೆಳೆಯುತ್ತಾರೆ.

ಇಳಿತದ ಹೊತ್ತಿನಲ್ಲಿ ಅಳಿವೆಯ ಕೆಸರಿನಲ್ಲಿ ಸೊಂಟದ ಮಟ್ಟ ನೀರಿನಲ್ಲಿ ನಿಂತು ಬಳಚು ಆಯುವ ಹೆಂಗಸರನ್ನು ನೀವು ಆ ದಾರಿಯಲ್ಲಿ ನೋಡುತ್ತೀರಿ. ಅದು ಅವರ ದುಡಿಮೆ. ದಯವಿಟ್ಟು ಕೇಳದೆ ಫೋಟೊ ತೆಗೆಯಬೇಡಿ. ಸೈಕಲ್ ನಿಲ್ಲಿಸಿ ಮಾತನಾಡಿಸಿದರೆ ಅವರೇ ಬುಟ್ಟಿ ತೋರಿಸುತ್ತಾರೆ. ಇದೇ ತದಡಿಯಲ್ಲಿ ಒಂದು ಕಾಲಕ್ಕೆ ದೊಡ್ಡ ಉಷ್ಣ ವಿದ್ಯುತ್ ಸ್ಥಾವರ ಕಟ್ಟುವ ಯೋಜನೆಯಿತ್ತು. ಜನರು ಒಪ್ಪಲಿಲ್ಲ, ಯೋಜನೆ ನಿಂತಿತು. 2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಅದರ ಜೊತೆಗೇ ಸೇರಿದ ಇನ್ನೊಂದು ನಮಗೆ ಹತ್ತಿರದ್ದು: ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರದ ಪಕ್ಷಿಧಾಮ. ಎರಡೂ ಕಡೆ ನೋಡಿದವರು ಈ ಊರಿನಲ್ಲಿ ಎಷ್ಟು ಜನರಿದ್ದಾರೋ ತಿಳಿಯಬೇಕೆಂಬ ಆಸೆ ನನಗಿದೆ.

ಭೂವಿಜ್ಞಾನದ ಅಧ್ಯಾಪಕ, ಚಿತ್ರದುರ್ಗ

ಚಿರೆಕಲ್ಲಿನ ಪಾಗಾರದ ಪ್ರಸ್ತಾಪ ಬಂದದ್ದರಿಂದ ಎರಡು ಮಾತು. ಗೋಕರ್ಣದ ಆ ಕೆಂಪು ಗುಡ್ಡಗಳ ಮೇಲ್ಪದರ ಲ್ಯಾಟರೈಟ್. ಲಕ್ಷಾಂತರ ವರ್ಷಗಳ ಭಾರಿ ಮಳೆ ಮತ್ತು ಶಾಖ ಸೇರಿ ಬಂಡೆಯೊಳಗಿನ ಸಿಲಿಕಾವನ್ನು ತೊಳೆದುಕೊಂಡು ಹೋದಾಗ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದು ಆ ಕಲ್ಲಾಗುತ್ತದೆ. ನೆಲದಲ್ಲಿರುವಾಗ ಕತ್ತರಿಸಲು ಮೆದು, ಗಾಳಿಗೆ ಬಿಟ್ಟರೆ ಗಟ್ಟಿ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಾಡಿಪುರಂನ ಇಂಥ ಕಲ್ಲಿಗೆ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಆ ಹೆಸರು ಕೊಟ್ಟ. ಸೈಕಲ್ ಸವಾರರಿಗೆ ತಿಳಿದಿರಬೇಕಾದದ್ದು ಇಷ್ಟು: ಒಣಗಿದಾಗ ಇದರ ಸಣ್ಣ ದುಂಡುಕಲ್ಲುಗಳು ಗೋಲಿಯಂತೆ ಉರುಳುತ್ತವೆ, ಒದ್ದೆಯಾದಾಗ ಮೇಲೆ ಪಾಚಿ ಕಟ್ಟಿ ಜಾರುತ್ತದೆ. ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿಯಬಾರದು.

ಹೊರಡುವ ಮೊದಲು ನಮ್ಮ ಜಿಲ್ಲೆಯ ಮರಡಿಹಳ್ಳಿಗೆ ಒಮ್ಮೆ ಹೋಗಿ ಬನ್ನಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ, ನಿಮಗೂ ಹೇಳುತ್ತೇನೆ. ಐಮಂಗಲದ ಹತ್ತಿರವಿರುವ ಆ ದಿಂಬಿನಾಕಾರದ ಲಾವಾ ಶಿಲೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನೀರಿನಡಿಯಲ್ಲಿ ಉಕ್ಕಿದ ಲಾವಾ ತಣ್ಣೀರಿಗೆ ತಗುಲಿ ಹೊರಮೈ ತಟ್ಟನೆ ಗಟ್ಟಿಯಾದಾಗ ಮಾತ್ರ ಆ ಆಕಾರ ಬರುತ್ತದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನಮ್ಮ ಈ ಬರದ ಸೀಮೆ ಕಡಲ ತಳವಾಗಿತ್ತೆಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ.

ಸೈಕಲ್ ಸವಾರ, ಚಳ್ಳಕೆರೆ

ಗಾಳಿಯ ಬಗ್ಗೆ ನಾನು ಸೇರಿಸುತ್ತೇನೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರಗಳಿರುವ ಜಿಲ್ಲೆಯಲ್ಲಿ ಸೈಕಲ್ ತುಳಿಯುವವರಿಗೆ ಎದುರುಗಾಳಿ ಎಂದರೇನೆಂದು ವಿವರಿಸಬೇಕಾಗಿಲ್ಲ. ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಹೋಗುವವರಿಗೆ ಅಷ್ಟೇ ವೇಗದ ಗಾಳಿ ಎದುರಾದರೆ ಗಾಳಿಯ ತಡೆ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಹರಿಹರದವರು ಹೇಳಿದ 22 ಕಿಲೋಮೀಟರಿನ ಬ್ಯಾಟರಿಯಲ್ಲಿ ಗಾಳಿಯ ಪಾಲು ದೊಡ್ಡದೇ ಇರಬೇಕು.

ಕರಾವಳಿಯಲ್ಲಿ ಮಳೆಗಾಲ ಮುಗಿದ ಮೇಲಿನ ತಿಂಗಳುಗಳಲ್ಲಿ ಬೆಳಿಗ್ಗೆ ನೆಲದಿಂದ ಕಡಲಿಗೆ ಮೆಲ್ಲನೆ ಗಾಳಿ ಬೀಸುತ್ತದೆ. ನೆಲ ಕಾದ ಮೇಲೆ ಗಾಳಿ ತಿರುಗಿ, ಮಧ್ಯಾಹ್ನದ ನಂತರ ಕಡಲಿನಿಂದ, ಹೆಚ್ಚಾಗಿ ವಾಯವ್ಯ ದಿಕ್ಕಿನಿಂದ, ಜೋರಾಗಿ ಬರುತ್ತದೆ. ಆದ್ದರಿಂದ ಗೋಕರ್ಣದಿಂದ ಹೊನ್ನಾವರಕ್ಕೆ, ಅಂದರೆ ಉತ್ತರದಿಂದ ದಕ್ಷಿಣಕ್ಕೆ ಹೋಗುವವರ ಬೆನ್ನಿಗೆ ಗಾಳಿ ಇರುತ್ತದೆ. ನಾನು ಎರಡು ವರ್ಷದ ಹಿಂದೆ ತಿಳಿಯದೆ ಮುರುಡೇಶ್ವರದಿಂದ ಉತ್ತರಕ್ಕೆ ಹೊರಟು, ಮಧ್ಯಾಹ್ನ ಮೂರು ಗಂಟೆಗೆ ಧಾರೇಶ್ವರದ ಹತ್ತಿರ ಒಂದು ಮರದ ಕೆಳಗೆ ಗಾಳಿ ಇಳಿಯುವವರೆಗೆ ಕುಳಿತಿದ್ದೆ.

ವಿಮಾ ಕಚೇರಿ ನೌಕರ, ದಾವಣಗೆರೆ

ಎಲ್ಲ ಮಾರ್ಗದರ್ಶಕರೂ ಉಪನ್ಯಾಸಕರು ಕಂಡ ಹುಡುಗನಂತಿರುವುದಿಲ್ಲ ಎಂಬುದನ್ನು ನೋವಿನಿಂದ ಬರೆಯುತ್ತಿದ್ದೇನೆ. ಹಿಂದಿನ ಜನವರಿಯಲ್ಲಿ ನಾವು ಆರು ಜನ ಬೇರೊಂದು ಪ್ರವಾಸ ಸಂಸ್ಥೆಯವರೊಂದಿಗೆ ಹೋಗಿದ್ದೆವು. ಅಗಲ ಟೈರಿನ ವಿದ್ಯುತ್ ಸೈಕಲ್‌ಗಳು, ಪ್ರಖರ ದೀಪಗಳು. ರಾತ್ರಿ ಊಟದ ನಂತರ ನಮ್ಮನ್ನು ಮರಳಿನ ಮೇಲೆ ಎರಡು ಮೂರು ಕಿಲೋಮೀಟರ್ ಓಡಿಸಿದರು. ನಮಗೆ ಆಗ ಅದು ಬಹಳ ಹಿಡಿಸಿತ್ತು, ಸುಳ್ಳು ಹೇಳುವುದಿಲ್ಲ. ಮರುದಿನ ಬೆಳಿಗ್ಗೆ ಅದೇ ತೀರದಲ್ಲಿ ನಡೆಯುವಾಗ ಒಬ್ಬ ಹಿರಿಯ ಮೀನುಗಾರರು ನಮ್ಮನ್ನು ಕರೆದು ಟೈರಿನ ಗುರುತುಗಳನ್ನು ತೋರಿಸಿದರು. ಅವುಗಳ ಪಕ್ಕದಲ್ಲಿಯೇ ನೀರಿನಿಂದ ಮೇಲಕ್ಕೆ ಬಂದು, ಅರ್ಧ ದಾರಿಯಲ್ಲಿ ತಿರುಗಿ, ಮತ್ತೆ ನೀರಿಗೆ ಮರಳಿದ ಒಂದು ಅಗಲವಾದ ಗುರುತಿತ್ತು. ಮೊಟ್ಟೆಯಿಡಲು ಬಂದ ಕಡಲಾಮೆ ಬೆಳಕಿಗೆ ಬೆದರಿ ಹಿಂದೆ ಹೋಗಿದೆ ಎಂದರು. ಬೈಯಲಿಲ್ಲ. ಅವರು ಬೈದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅನ್ನಿಸಿತು.

ಊರಿಗೆ ಬಂದ ಮೇಲೆ ಓದಿಕೊಂಡೆ. ನಮ್ಮ ಕರಾವಳಿಗೆ ಬರುವ ಆಲಿವ್ ರಿಡ್ಲಿ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಚಳಿಗಾಲದ ತಿಂಗಳುಗಳಲ್ಲಿ ರಾತ್ರಿ ದಡಕ್ಕೆ ಬಂದು ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆಯಿಡುತ್ತದೆ, ಏಳೆಂಟು ವಾರದಲ್ಲಿ ಮರಿ ಹೊರಬರುತ್ತದೆ. ಚಕ್ರದ ಭಾರ ಮರಳನ್ನು ಒತ್ತಿ ಗಟ್ಟಿ ಮಾಡುತ್ತದೆ. ಚಕ್ರದ ಕುಳಿಯೊಳಗೆ ಬಿದ್ದ ಪುಟ್ಟ ಮರಿ ಹತ್ತಿಬರಲಾರದು. ದೀಪ ಕಂಡರೆ ನೀರಿನ ಕಡೆ ಹೋಗಬೇಕಾದದ್ದು ದೀಪದ ಕಡೆ ಹೋಗುತ್ತದೆ. ಹೊನ್ನಾವರದ ಕಾಸರಕೋಡಿನ ಟೊಂಕದಲ್ಲಿ ಇಂಥ ಗೂಡುಗಳಿಗೆ ಬೇಲಿ ಕಟ್ಟಿ ಕಾಯುತ್ತಾರೆ. ನಾವು ಹಣ ಕೊಟ್ಟು ಮಾಡಿದ ತಪ್ಪನ್ನು ಇಲ್ಲಿಂದ ಹೋಗುವ ಇನ್ನೊಬ್ಬರು ಮಾಡಬಾರದೆಂದು ಇದನ್ನು ಬರೆದೆ.

ಕುಮಟಾದ ಮಗಳು, ದಾವಣಗೆರೆಯ ಸೊಸೆ

ಬರೆದದ್ದಕ್ಕೆ ನಿಮಗೆ ಧನ್ಯವಾದ. ಮರಳಿನ ಮೇಲ್ಭಾಗದಲ್ಲಿ ಮೇಕೆಯ ಗೊರಸಿನ ಆಕಾರದ ಎಲೆ, ನೇರಳೆ ಹೂವು ಬಿಡುವ ಬಳ್ಳಿ ಹಬ್ಬಿರುತ್ತದೆ. ದಿಬ್ಬದ ಮರಳನ್ನು ಹಿಡಿದು ನಿಲ್ಲಿಸುವುದು ಆ ಬಳ್ಳಿ. ಹಗಲಿನಲ್ಲಿಯೂ ಅದರ ಮೇಲೆ ಸೈಕಲ್ ಹೋಗಬಾರದು ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು.

ನಿವೃತ್ತ ಉಪನ್ಯಾಸಕ, ದಾವಣಗೆರೆ

ನಮ್ಮ ಹುಡುಗ ಓಂ ತೀರಕ್ಕೆ ಸೈಕಲ್ ಇಳಿಸಲು ಒಪ್ಪದಿದ್ದಾಗ ಮೆಟ್ಟಿಲುಗಳ ಕಾರಣಕ್ಕೆ ಎಂದು ನಾನು ತಿಳಿದಿದ್ದೆ. ನಿನ್ನೆ ಫೋನಿನಲ್ಲಿ ಕೇಳಿದೆ. ಮೆಟ್ಟಿಲೂ ಒಂದು ಕಾರಣ, ಆದರೆ ಮೆಟ್ಟಿಲಿಲ್ಲದ ತೀರಕ್ಕೂ ಇಳಿಸುವುದಿಲ್ಲ ಎಂದ.

ಹಾಗಾಗಿ ಸಂಸ್ಥೆಯವರಿಗೆ ಹಣ ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿ ಎಂದು ನನ್ನ ಸಲಹೆ. ಮಾರ್ಗದರ್ಶಕರು ಯಾವ ಊರಿನವರು? ನಮ್ಮನ್ನು ಮರಳಿನ ಮೇಲೆ ಓಡಿಸುತ್ತೀರಾ? ಎರಡನೆಯದಕ್ಕೆ ಉತ್ಸಾಹದಿಂದ ಹೌದು ಎಂದವರನ್ನು ಬಿಟ್ಟುಬಿಡಿ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುವ ಕಡಲು ಅದು, ಆ ತಿಂಗಳುಗಳಲ್ಲಿ ಯಾರು ರಿಯಾಯಿತಿ ಕೊಟ್ಟು ಕರೆದರೂ ಹೋಗಬೇಡಿ. ನವೆಂಬರಿನಿಂದ ಫೆಬ್ರವರಿಯವರೆಗೆ ಸರಿಯಾದ ಕಾಲ. ಬಾಯಾರಿಕೆ ಆಗದಿದ್ದರೂ ಅರ್ಧ ಗಂಟೆಗೊಮ್ಮೆ ನೀರು ಕುಡಿಯಿರಿ. ನಮ್ಮ ಒಣಹವೆಯಲ್ಲಿ ಆರಿಹೋಗುವ ಬೆವರು ಅಲ್ಲಿ ಮೈಮೇಲೆಯೇ ನಿಲ್ಲುತ್ತದೆ, ದೇಹ ತಣಿಯುವುದಿಲ್ಲ.

ಹತ್ತಿ ವ್ಯಾಪಾರಿ, ದಾವಣಗೆರೆ

ನನ್ನ ಹಿಂದಿನ ಮಾತಿನಲ್ಲಿ ಸ್ಕೂಟರಿನ ತಮ್ಮ ಎಂದದ್ದನ್ನು ಹಿಂದಕ್ಕೆ ಪಡೆಯುತ್ತೇನೆ. ನನ್ನ ತಾಯಿಗೆ ಎಪ್ಪತ್ತೊಂದು. ಹುಡುಗಿಯಾಗಿದ್ದಾಗ ಅವರು ಸೈಕಲ್ ಕಲಿತಿದ್ದರೆಂದು ಈ ಬರಹ ಓದಿ ಹೇಳಿದಾಗಲೇ ನನಗೆ ತಿಳಿದದ್ದು. ಹರಿಹರದವರು ತಮ್ಮ ಅಂಗಡಿಯಲ್ಲಿ ಒಂದು ಸೈಕಲ್ ತೋರಿಸಲು ಸಾಧ್ಯವೇ?

ವಿದ್ಯುತ್ ವಾಹನ ದುರಸ್ತಿ ಮಾಡುವವನು, ಹರಿಹರ

ಭಾನುವಾರ ಬೆಳಿಗ್ಗೆ ಕರೆದುಕೊಂಡು ಬನ್ನಿ. ಅಂಗಡಿಯ ಹಿಂದೆ ಖಾಲಿ ಮೈದಾನವಿದೆ, ಅಲ್ಲಿ ಓಡಿಸಿ ನೋಡಬಹುದು. ನೆರವಿನ ಮಟ್ಟವನ್ನು ಒಂದರಲ್ಲಿಯೇ ಇಟ್ಟು ಆರಂಭಿಸೋಣ. ಕೆಲವು ಸೈಕಲ್‌ಗಳಲ್ಲಿ ಪೆಡಲ್ ತಿರುಗಿದ್ದನ್ನಷ್ಟೇ ಗುರುತಿಸುವ ಸಂವೇದಕ ಇರುತ್ತದೆ, ಅವು ಮೊದಲ ತುಳಿತಕ್ಕೇ ಎಗರಿದಂತೆ ಮುಂದೆ ಹೋಗುತ್ತವೆ. ಕಾಲಿನ ಒತ್ತಡವನ್ನು ಅಳೆಯುವಂಥದ್ದು ಹಿರಿಯರಿಗೆ ಒಳ್ಳೆಯದು.

ಶಾಲಾ ಶಿಕ್ಷಕಿ, ಚಿತ್ರದುರ್ಗ

ನಾವು ಐವರು ಹೋಗಿ ನಿನ್ನೆ ರಾತ್ರಿ ಮರಳಿದೆವು. ಉಪನ್ಯಾಸಕರು ಹೇಳಿದ ಅದೇ ಹುಡುಗ ಬಂದಿದ್ದ. ಮೊದಲ ಅರ್ಧ ಗಂಟೆ ಕೈ ನಡುಗಿತು, ಸಾಣಿಕಟ್ಟೆ ತಲುಪುವಾಗ ಒಂದು ಕೈ ಬಿಟ್ಟು ಬೆವರು ಒರೆಸಿಕೊಳ್ಳುವಷ್ಟು ಧೈರ್ಯ ಬಂದಿತ್ತು. ನಾವು ಹೋದದ್ದು ಹುಣ್ಣಿಮೆಯ ಮರುದಿನ. ಆದ್ದರಿಂದ ಎರಡನೆಯ ದಿನ ಕಾಗಾಲದ ಹತ್ತಿರ ಗಜನಿಯ ಕಟ್ಟೆಯ ಬಳಿ ನಮ್ಮನ್ನು ಎರಡು ಗಂಟೆ ನಿಲ್ಲಿಸಿದ. ಮೊದಲು ಬೇಸರವಾಯಿತು. ಆಮೇಲೆ ನೀರು ತಿರುಗಿತು. ಕಟ್ಟೆಯ ತೂಬಿನ ಬಾಯಲ್ಲಿ ಒಳಗಿನಿಂದ ಹೊರಕ್ಕೆ ಹರಿಯುತ್ತಿದ್ದ ನೀರು ಒಂದು ಗಳಿಗೆ ನಿಂತಂತಾಗಿ, ಹೊರಗಿನಿಂದ ಒಳಕ್ಕೆ ಹರಿಯತೊಡಗಿತು. ವಿಜ್ಞಾನದ ಪುಸ್ತಕದಲ್ಲಿ ಎಷ್ಟೋ ವರ್ಷ ಪಾಠ ಮಾಡಿದ ಚಿತ್ರವನ್ನು ನಾನು ಮೊದಲ ಸಲ ನೋಡಿದ್ದು ಅಲ್ಲಿ. ಬಳಚು ಆಯ್ದು ಮೇಲೆ ಬಂದ ಹೆಂಗಸರು ನಮ್ಮ ಪಕ್ಕದಲ್ಲಿಯೇ ಕುಳಿತು ಊಟ ಮಾಡಿದರು, ನಿಮ್ಮ ಕಡೆ ಮಳೆ ಆಯಿತೇ ಎಂದು ಕೇಳಿದರು.

ಬ್ಯಾಟರಿ ಮೂರೂ ದಿನ ಸಂಜೆಗೆ ಇನ್ನೂ ಕಾಲುಭಾಗ ಉಳಿದಿತ್ತು. ಬೆನ್ನ ಹಿಂದೆ ಗಾಳಿ ಇತ್ತು, ಚಳ್ಳಕೆರೆಯವರಿಗೆ ವಂದನೆ. ಒಬ್ಬರ ಮನೆಯಿಂದ ಎರಡು ಸೇರು ಕಗ್ಗದ ಅಕ್ಕಿ ತಂದಿದ್ದೇನೆ. ಕುಮಟಾದ ಅಕ್ಕನವರು ಅದನ್ನು ಎಷ್ಟು ಹೊತ್ತು ನೆನೆಸಬೇಕು, ಗಂಜಿಗೆ ಎಷ್ಟು ನೀರು ಇಡಬೇಕು ಎಂದು ತಿಳಿಸಿದರೆ ನಾಳೆ ಶಾಲೆಗೆ ಒಯ್ದು ಮಕ್ಕಳಿಗೆ ರುಚಿ ತೋರಿಸುತ್ತೇನೆ.

ಕುಮಟಾದ ಮಗಳು, ದಾವಣಗೆರೆಯ ಸೊಸೆ

ಈಗಲೇ ನೆನೆಹಾಕಿ, ರಾತ್ರಿಯೆಲ್ಲಾ ನೆನೆಯಲಿ. ಕೆಂಪು ಅಕ್ಕಿ, ಬೇಯಲು ಹೊತ್ತು ಬೇಕು, ನಿಮ್ಮ ಅಂದಾಜಿಗಿಂತ ನೀರು ಹೆಚ್ಚೇ ಇಡಿ. ತಿಳಿಯನ್ನು ಬಸಿದು ಚೆಲ್ಲಬೇಡಿ, ಮಕ್ಕಳಿಗೆ ಮೊದಲು ಅದನ್ನೇ ಒಂದು ಹರಳು ಉಪ್ಪು ಹಾಕಿ ಕೊಡಿ.